ಏಣಿ ಹಿಡಿಯುವವನ ಕೂಲಿ

ಅಕ್ಕನ ಗಂಡ, ನಮ್ಮ ಭಾವ, ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಸೂರನ್ನು. ಹೊಸ್ತಿಲಲ್ಲೇ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ, ಫ್ಯಾನಿನಿಂದ ಸ್ವಿಚ್ಚಿನವರೆಗೆ ಗೋಡೆಯೊಳಗೆ ತಂತಿ ಹೋಗಿರಬಹುದಾದ ದಾರಿಯನ್ನು ಕಣ್ಣಲ್ಲೇ ನಡೆದು ಮುಗಿಸಿದ ಮೇಲೆಯೇ "ಚೆನ್ನಾಗಿದೀರಾ?" ಎಂಬ ಕುಶಲಪ್ರಶ್ನೆ. ವಿದ್ಯುತ್ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಎಸ್ಟಿಮೇಟ್ ಬರೆಯುವುದು ಅವರ ವೃತ್ತಿ; ವೃತ್ತಿ ಕತ್ತಿಗೂ ಇಳಿದಿತ್ತು.

ಬಿರುಬೇಸಿಗೆಯಲ್ಲೂ ಬಿಡದ ಅವರ ಬೂದು ಕೋಟು ಒಂದು ಸಂಚಾರಿ ಕಚೇರಿ. ಅಂಗಡಿಗಳಲ್ಲಿ ವಿಚಾರಿಸಿದ ಸಾಮಾನಿನ ದರದ ಚೀಟಿಗಳು ಬಲಜೇಬಿಗೆ, ಕೆಲಸಗಾರರಿಂದ ಕೇಳಿ ತಿಳಿದ ಕೂಲಿಯ ಚೀಟಿಗಳು ಎಡಜೇಬಿಗೆ. ಎರಡೂ ಬೆರೆತರೆ ಆ ದಿನ ಅವರಿಗೆ ಊಟ ರುಚಿಸದು. ಕೂಲಿಯಲ್ಲೂ ನೆಲದ ಮೇಲೆ ನಿಂತು ಮಾಡುವುದು, ಸ್ಟೂಲು ಹತ್ತಿ ಮಾಡುವುದು, ಏಣಿ ಏರಿ ಮಾಡುವುದು ಎಂಬ ಭೇದ. ಏಣಿಯ ಕೂಲಿಯ ಕೆಳಗೆ, ಬೇರೆ ಯಾರ ಎಸ್ಟಿಮೇಟಿನಲ್ಲೂ ನಾನು ಕಾಣದ ಒಂದು ಸಾಲು: 'ಏಣಿ ಹಿಡಿಯುವವನು'. ಈ ವರ್ಗೀಕರಣದ ಹುಚ್ಚು ಮನೆಗೂ ಬಂದಿತ್ತು. ಅಟ್ಟದ ಡಬ್ಬ ಇಳಿಸಿಕೊಡಿ ಎಂದರೆ "ಸ್ಟೂಲಾ, ಏಣೀನಾ?" ಎನ್ನುವರು.

"ರೇಟು ಆಮೇಲೆ ಮಾತಾಡೋಣ, ಮೊದ್ಲು ಇಳಿಸ್ರೀ!" ಎಂದು ಅಕ್ಕ ರೇಗುವಳು.

ಒಮ್ಮೆ ಹೊಸ ನಾಟಕಶಾಲೆಯೊಂದರ ದೀಪದ ಕೆಲಸಕ್ಕೆ ಕಟ್ಟಡದವರು ದರ ಕೇಳಿದ್ದರು. ಕೆಲಸವಿಲ್ಲದೆ ಸೊರಗಿದ್ದ ಕಚೇರಿ. ಇದೂ ಕೈತಪ್ಪಿದರೆ ಬಾಗಿಲು ಹಾಕಬೇಕು, ಭಾವ ಮನೆಯಲ್ಲಿ ಕೂರಬೇಕು. ನಾನು ಕಚೇರಿಗೆ ಹೋದಾಗ ಅದರ ಮಾಲೀಕರು ಎಸ್ಟಿಮೇಟ್ ಹಿಡಿದು ಹುಬ್ಬು ಗಂಟಿಕ್ಕಿದ್ದರು.

"ಈ ಏಣಿ ಹಿಡಿಯೋನ್ನ ತೆಗೆದುಬಿಡಿ. ಕೆಳಗಿದ್ರೂ ಲೈಟೇ, ಮೇಲಿದ್ರೂ ಲೈಟೇ."

"ಲೈಟು ಅದೇ ಸಾರ್," ಎಂದರು ಭಾವ. "ಬೀಳೋನಿಗೆ ಎತ್ತರ ಬೇರೆ."

"ಹಂಗಾದ್ರೆ ಈ ಕೆಲ್ಸ ಹೋಗತ್ತೆ. ನಿಮ್ದೂ ಸೇರಿ."

ಭಾವ ಬಲಜೇಬನ್ನು ಬರಿದು ಮಾಡಿ, ಕೆಲಸ ನಡೆಯುವ ಕ್ರಮದಲ್ಲೇ ಚೀಟಿಗಳನ್ನು ಮೇಜಿನ ಮೇಲೆ ಹರವಿದರು. ಮೊದಲ ಚೀಟಿಯೇ ಎಲ್ಲಕ್ಕಿಂತ ದುಬಾರಿ, ದಪ್ಪ ಕೇಬಲ್ಲಿನದು. ವಿದ್ಯುತ್ ಕಂಬವಿದ್ದದ್ದು ಹಿಂದಿನ ಬೀದಿಯಲ್ಲಿ. ನಕ್ಷೆಯಲ್ಲಿ ಮುಖ್ಯ ಬೋರ್ಡು ಮುಂಬಾಗಿಲಲ್ಲಿ. ನಡುವೆ ಸಭಾಂಗಣದುದ್ದಕ್ಕೂ ಕೇಬಲ್ಲು. ಬೋರ್ಡನ್ನು ಕಂಬಕ್ಕೆ ಹತ್ತಿರವಾಗುವಂತೆ ರಂಗದ ಹಿಂದಕ್ಕೆ ಸರಿಸಿ ಬರೆದರು. ಕಟ್ಟಡದವರು ಒಪ್ಪಿದರು. ಮೊತ್ತ ಇಳಿಯಿತು, ಕೆಲಸ ದಕ್ಕಿತು, ಏಣಿ ಹಿಡಿಯುವವನ ಸಾಲು ಅಲ್ಲೇ ಉಳಿಯಿತು. ನನಗೆ ಹೆಮ್ಮೆಯಾಯಿತು, ಭಾವ ಮಾತ್ರ ಚೀಟಿಗಳನ್ನು ಮತ್ತೆ ಬಲಜೇಬಿಗೆ ತುಂಬುವುದರಲ್ಲಿ ಮಗ್ನರಾಗಿದ್ದರು.

ಕೆಲಸ ನಡೆಯುವಾಗ ಅವರೊಂದಿಗೆ ಅಲ್ಲಿಗೆ ಹೋಗಿದ್ದೆ. ಸೂರಿನಡಿ ಒಬ್ಬ ದೀಪ ಕಟ್ಟುತ್ತಿದ್ದ. ಕೆಳಗೊಬ್ಬ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಆಕಳಿಸುತ್ತಿದ್ದ.

"ನಿಮ್ಮೋನು ಸುಮ್ನೆ ನಿಂತಿದಾನಲ್ಲ ಭಾವ," ಎಂದು ಛೇಡಿಸಿದೆ.

"ಸುಮ್ನೆ ನಿಲ್ಲೋದಕ್ಕೇ ಕೂಲಿ ಇಟ್ಟಿರೋದು."

ಜಗತ್ತು ಬೆಳಕನ್ನು ಕಂಡು ಚಪ್ಪಾಳೆ ತಟ್ಟುತ್ತದೆ. ಭಾವನಂಥವರ ಒಳ್ಳೆಯತನಕ್ಕೆ ಸಾಕ್ಷಿ ಹೇಳುವವರೇ ಇರುವುದಿಲ್ಲ. ಆಗದೇ ಹೋದ ಅನಾಹುತವನ್ನು ಕಂಡವರಾರು? ಆ ಸಂಜೆ ಮೇಲೇರಿದ್ದವನು ಕೆಳಗಿಳಿದು, ಕೈ ತೊಳೆದು, ಮನೆಗೆ ಹೋದ.