ಅಕ್ಕನ ಎಡಗೈ ಕಡೆ

ಫುಟ್‌ಬಾಲ್ ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ಇಪ್ಪತ್ತೊಂದು ಎನ್ನುತ್ತಿದ್ದರು. ಅಂಗಿಯ ಬೆನ್ನ ಮೇಲಿದ್ದ ನಂಬರು ಅದು. ಕೋಚ್ ಹಾಗೇ ಕರೆಯುತ್ತಿದ್ದರು, ಅಡುಗೆಯವರೂ ಹಾಗೇ ಕರೆದು ತಟ್ಟೆ ಕೊಡುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ, ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ಹತ್ತೊಂಬತ್ತರ ಹುಡುಗಿಗೆ ಅಷ್ಟೊಂದು ಮರ್ಯಾದೆ ಮೈಗೆ ಒಗ್ಗುವಂಥದ್ದಲ್ಲ. ಮನೆಯಲ್ಲಿ ಅವಳ ಹೆಸರು ಕತ್ತೆ. ಇಟ್ಟವಳು ಅಕ್ಕ. ಮನೆ ಬಿಟ್ಟು ಎಂಟು ತಿಂಗಳಾಗಿತ್ತು. ಇಲ್ಲಿ ಒಬ್ಬರಾದರೂ ಅವಳನ್ನು ಕತ್ತೆ ಅಂದಿರಲಿಲ್ಲ.

ಈ ಎಂಟು ತಿಂಗಳಲ್ಲಿ ಹನ್ನೊಂದು ಗೋಲು ಹೊಡೆದಿದ್ದಳು. ಸ್ಟ್ರೈಕರ್ ಆಗಿ ಬಂದ ಹೊಸಬಳಿಗೆ ಕಡಿಮೆಯೇನಲ್ಲ. ಆದರೆ ಕಳೆದ ಆರು ಪಂದ್ಯಗಳಲ್ಲಿ ಸೊನ್ನೆ. ಕೋಚ್ ಅವಳನ್ನು ತಮ್ಮ ಕೋಣೆಗೆ ಕರೆದು ವಿಡಿಯೊ ತೋರಿಸಿದರು. ಹನ್ನೊಂದಕ್ಕೆ ಹನ್ನೊಂದೂ ಕೀಪರಿನ ಬಲಗೈ ಕಡೆಗೇ ಹೋಗಿದ್ದವು. ತಪ್ಪಿದವೂ ಅತ್ತಲೇ. ಎದುರಾಳಿಗಳಿಗೆ ಇದು ಗೊತ್ತಾಗಿಹೋಗಿತ್ತು. ಇವಳ ಕಾಲಿಗೆ ಚೆಂಡು ಬಂದರೆ ಸಾಕು, ಕೀಪರುಗಳು ಮೊದಲೇ ಆ ಕಡೆ ವಾಲಿ ನಿಲ್ಲುತ್ತಿದ್ದರು.

"ಅರ್ಧ ಗೋಲುಪೆಟ್ಟಿಗೆ ಬಿಟ್ಟುಕೊಟ್ಟು ಆಡ್ತಿದ್ದೀಯಲ್ಲ, ಯಾಕೆ?" ಎಂದರು ಕೋಚ್. ಮಾತು ಕಡಿಮೆ, ಕಣ್ಣು ಚುರುಕು, ಅಂಥ ಹೆಂಗಸು.

"ಗೊತ್ತಿಲ್ಲ ಮೇಡಂ."

"ಶನಿವಾರ ಯಾವುದೋ ಫ್ಯಾಕ್ಟರಿ ಟೀಮಿನ ಜೊತೆ ಅಭ್ಯಾಸ ಪಂದ್ಯ ಇದೆ. ಸೋಮವಾರ ಮುಂದಿನ ವರ್ಷದ ಆಟಗಾರ್ತಿಯರ ಪಟ್ಟಿ ಹೋಗಬೇಕು. ಕೀಪರಿನ ಎಡಗೈ ಕಡೆ ಒಂದೇ ಒಂದು ಹೊಡೆದು ತೋರಿಸು. ಇಲ್ಲಾಂದ್ರೆ ನಿನ್ನನ್ನ ಉಳಿಸಿಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಗೊತ್ತಿಲ್ಲ ಎಂದದ್ದು ಸುಳ್ಳು. ಚೆನ್ನಾಗಿಯೇ ಗೊತ್ತಿತ್ತು. ಮನೆಯ ಹಿಂದೆ ಬಾಗಿಲು ಮುಚ್ಚಿದ ಗೋದಾಮೊಂದಿತ್ತು. ಅದರ ತಗಡಿನ ಷಟರೇ ಅಕ್ಕತಂಗಿಯರ ಗೋಲುಪೆಟ್ಟಿಗೆ. ತಂಗಿ ಹೊಡೆಯುವುದು, ಅಕ್ಕ ಹಿಡಿಯುವುದು. ಷಟರ್ ಢಣ್ ಅಂದರೆ ಗೋಲು, ಅದಕ್ಕೆ ಅಪೀಲಿಲ್ಲ. ಏಳು ವರ್ಷ ಆ ಸದ್ದು ಕೇಳಿ ಬೀದಿಯವರು ಇಬ್ಬರಿಗೂ ಹಿಡಿಶಾಪ ಹಾಕಿದ್ದರು. ಕ್ಲಬ್ಬಿನ ಆಯ್ಕೆಗೆ ಕರೆ ಬಂದದ್ದು ಇಬ್ಬರಿಗೂ. ಹೊರಡುವ ಹಿಂದಿನ ಸಂಜೆ "ಅನ್ನ ತಿಂದಿಲ್ವಾ? ಜೋರಾಗಿ ಹೊಡಿಯೇ ಕತ್ತೆ" ಎಂದು ಅಕ್ಕ ಕೆಣಕಿದಳು. ಇವಳು ಮೈಯ ಬಲವನ್ನೆಲ್ಲ ಕಾಲಿಗೆ ತಂದು ಹೊಡೆದಳು. ಷಟರ್ ಢಣ್ ಅನ್ನಲಿಲ್ಲ. ಅಕ್ಕ ಚೆಂಡು ತಡೆದಿದ್ದಳು, ಎಡಗೈ ಮಣಿಕಟ್ಟು ಮುರಿದಿತ್ತು. ಮರುದಿನ ಬಸ್ಸು ಹತ್ತಿದ್ದು ತಂಗಿ ಒಬ್ಬಳೇ.

ಅಲ್ಲಿಂದಾಚೆ ಕಾಲು ಆ ಕಡೆ ಹೋಗಲೊಲ್ಲದು. ತಲೆ ಹೇಳಿದರೂ ಪಾದ ಕೇಳುತ್ತಿರಲಿಲ್ಲ. ಅಮ್ಮ ಫೋನ್ ಮಾಡಿದಾಗ ಊಟ ಆಯ್ತಾ, ನಿದ್ದೆ ಬರತ್ತಾ, ಎಲ್ಲ ವಿಚಾರಣೆಯೂ ನಡೆಯುತ್ತಿತ್ತು. ಅಕ್ಕ ಎಲ್ಲಿ ಎಂದರೆ ಡ್ಯೂಟಿಗೆ ಹೋಗಿದ್ದಾಳೆ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಕೈ ಹೇಗಿದೆ ಎಂದು ಕೇಳಲು ಇವಳಿಗೆ ಬಾಯಿ ಬರುತ್ತಿರಲಿಲ್ಲ. ಅಕ್ಕನೂ ತಾನಾಗಿ ಒಂದು ದಿನವೂ ಫೋನ್ ಮಾಡಲಿಲ್ಲ.

ಹಾಸ್ಟೆಲಿನ ಕೋಣೆಯಲ್ಲಿ ಎದುರಿನ ಮಂಚ ಖಾಲಿ. ಜೊತೆಗಾರ್ತಿಯನ್ನು ಕ್ಲಬ್ಬು ಎರಡು ತಿಂಗಳ ಹಿಂದೆ ಮನೆಗೆ ಕಳಿಸಿತ್ತು. ಅವಳ ತಲೆಪಿನ್ನೊಂದು ಇನ್ನೂ ಕಿಟಕಿಯಲ್ಲೇ ಬಿದ್ದಿತ್ತು. ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದಾಗ ಹುಡುಗಿ ಒಗೆಯಲು ಏನಿಲ್ಲದಿದ್ದರೂ ಕೆಳಗೆ ಹೋಗಿ ವಾಷಿಂಗ್ ಮೆಷಿನ್ ಮುಂದೆ ಕೂರುತ್ತಿದ್ದಳು. ಅಲ್ಲಿಗೆ ಯಾರಾದರೂ ಬಂದೇ ಬರುತ್ತಾರೆ. ಬಂದವರು "ನಿಂದು ಆಯ್ತಾ, ಇಪ್ಪತ್ತೊಂದು?" ಎಂದು ಕೇಳಿ, ಬಟ್ಟೆ ತುಂಬಿ, ಗುಂಡಿ ಒತ್ತಿ ಹೊರಟುಬಿಡುತ್ತಿದ್ದರು.

ಶನಿವಾರ ಫ್ಯಾಕ್ಟರಿಯ ವ್ಯಾನು ಬಂತು. ಕೊನೆಗೆ ಇಳಿದವಳು ಅಕ್ಕ. ಕೈಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗ್ಲೌಸ್ ಎಳೆದುಕೊಳ್ಳುತ್ತಿದ್ದಳು. ತಂಗಿಯನ್ನು ಒಮ್ಮೆ ನೋಡಿದಳು, ಗುರುತೇ ಇಲ್ಲದವಳಂತೆ ಹೋಗಿ ಎರಡು ಕಂಬಗಳ ನಡುವೆ ನಿಂತಳು.

ಮೊದಲರ್ಧದಲ್ಲಿ ಎರಡು ಅವಕಾಶ ಸಿಕ್ಕವು. ಎರಡನ್ನೂ ಹುಡುಗಿ ಬಲಗೈ ಕಡೆಗೇ ಹೊಡೆದಳು. ಅಕ್ಕ ಎರಡನ್ನೂ ಮಡಿಲಿಗೆ ಬಿದ್ದ ಹಣ್ಣಿನಂತೆ ಹಿಡಿದುಕೊಂಡಳು. ಎರಡನೆಯದನ್ನು ಅಪ್ಪಿಕೊಂಡು ಏಳುತ್ತ ಹಲ್ಲುಕಚ್ಚಿ ಕೇಳಿದಳು:

"ಆ ಕಡೆ ಯಾಕೆ ಹೊಡೀತಿಲ್ಲ?"

"ನಿನ್ನ ಕೈ..."

"ಈ ಕೈಲಿ ದಿನಕ್ಕೆ ನಾನೂರು ಪೆಟ್ಟಿಗೆ ಎತ್ತಿಡ್ತೀನಿ. ನನಗೆ ಕನಿಕರ ತೋರಿಸೋಕೆ ನೀನ್ಯಾರೇ?"

ಹುಡುಗಿ ಹಿಂದೆ ಸರಿದಳು. ನಾಚಿಕೆಯಾಯಿತು, ಸಿಟ್ಟೂ ಬಂತು. ಎಂಟು ತಿಂಗಳು ತಾನು ಹೊತ್ತುಕೊಂಡು ತಿರುಗಿದ್ದನ್ನು ಅಕ್ಕ ಒಂದೇ ಮಾತಿನಲ್ಲಿ ಕೊಡವಿ ಹಾಕಿದ್ದಳು. ಪಕ್ಕದ ಗೆರೆಯ ಹೊರಗೆ ಕೋಚ್ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಆಟ ಮುಗಿಯಲು ಐದು ನಿಮಿಷವಿತ್ತು. ಉದ್ದದ ಪಾಸೊಂದು ಬಂತು. ಹುಡುಗಿ ಎದುರಿದ್ದವಳನ್ನು ದಾಟಿ ನುಗ್ಗಿದಳು; ಮುಂದೆ ಅಕ್ಕ ಒಬ್ಬಳೇ. ಈ ಸಲ ಕಾಲನ್ನು ಅದರ ಪಾಡಿಗೆ ಬಿಡಲಿಲ್ಲ. ಎಡಗೈ ಕಡೆಗೆ, ಅಂದಿನ ಸಂಜೆಯಷ್ಟೇ ಜೋರಾಗಿ ಹೊಡೆದಳು.

ಅಕ್ಕ ಹಾರಿದಳು. ಚೆಂಡು ಎಡ ಅಂಗೈಗೆ ಪಟ್ಟೆಂದು ಬಡಿದು, ಪುಟಿದು, ಹುಡುಗಿಯ ಕಾಲಬುಡಕ್ಕೇ ವಾಪಸು ಬಂತು. ಗೋಲುಪೆಟ್ಟಿಗೆ ಬರಿದಾಗಿತ್ತು, ಮೆಲ್ಲಗೆ ತಳ್ಳಿದರೂ ಸಾಕಿತ್ತು. ಹುಡುಗಿ ತಳ್ಳಲಿಲ್ಲ. ಚೆಂಡು ಮರೆತು, ನೆಲದ ಮೇಲೆ ಬಿದ್ದಿದ್ದ ಅಕ್ಕನ ಮಣಿಕಟ್ಟನ್ನೇ ನೋಡುತ್ತ ನಿಂತಳು. ಅದು ಮತ್ತೆ ಮುರಿದಿದೆಯೇ ಎಂಬ ಒಂದೇ ಯೋಚನೆ ಅವಳಿಗೆ.

ಅಕ್ಕ ಬಿದ್ದಲ್ಲಿಂದಲೇ ತಲೆಯೆತ್ತಿ ಮೈದಾನಕ್ಕೆಲ್ಲ ಕೇಳುವಂತೆ ಕಿರುಚಿದಳು:

"ಏನೇ ನೋಡ್ತಾ ನಿಂತಿದ್ದೀಯ? ಒಳಗೆ ಹೊಡಿಯೇ ಕತ್ತೆ!"

ಹುಡುಗಿ ಹೊಡೆದಳು. ಬಲೆ ಅಲ್ಲಾಡಿತು.

ಫ್ಯಾಕ್ಟರಿಯ ಹುಡುಗಿಯರು ಅಕ್ಕನ ಮೇಲೆ ಮುಗಿಬಿದ್ದರು. ನೀನು ಯಾರ ಟೀಮು, ಅವರಿಗೆ ಗೋಲು ಹೊಡೆಯೋಕೆ ಹೇಳಿಕೊಡ್ತೀಯಾ ಎಂದು ತರಾಟೆಗೆ ತೆಗೆದುಕೊಂಡರು. ಅಕ್ಕ ಮಣ್ಣು ಕೊಡವಿಕೊಂಡು ಎದ್ದಳು. ಆಟ ಮುಗಿದದ್ದೇ ತಡ, ವ್ಯಾನು ಹೊರಟಿತು; ಎರಡನೇ ಪಾಳಿಗೆ ಎಲ್ಲರೂ ಫ್ಯಾಕ್ಟರಿಯಲ್ಲಿರಬೇಕಿತ್ತು. ಹುಡುಗಿ ಓಡಿಬರುವಷ್ಟರಲ್ಲಿ ಅದು ಗೇಟು ದಾಟಿತ್ತು. ಹಿಂದಿನ ಕಿಟಕಿಯಿಂದ ಎಡಗೈಯೊಂದು ಹೊರಬಂದು, ಐದೂ ಬೆರಳನ್ನು ಬಿಡಿಸಿ ತೋರಿಸಿ, ಮಡಚಿ, ಮತ್ತೆ ಬಿಡಿಸಿತು.

ಗೇಟಿನ ಬಳಿ ನಿಂತಿದ್ದವಳ ಹತ್ತಿರ ಕೋಚ್ ಬಂದರು.

"ಆ ಕಡೆಗೂ ಹೊಡೀತೀಯ ಅಂತಾಯ್ತು. ಪಟ್ಟಿಗೆ ನಿನ್ನ ಹೆಸರು ಹಾಕಿದ್ದೀನಿ," ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಕೀಪರ್ ನಿನಗೆ ಕತ್ತೆ ಅಂದಳಲ್ಲ, ನಾನೇ ಕೇಳಿಸಿಕೊಂಡೆ. ದೂರು ಕೊಡಬೇಕಾ?"

"ಬೇಡ ಮೇಡಂ," ಎಂದಳು ಹುಡುಗಿ. ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. "ಅದು ನನ್ನ ಹೆಸರು."