ಮಡಿ ಮುಗಿಯಲಿ

ಕಾಲುವೆಗೆ ನೀರು ಬಿಟ್ಟರೆ ಹುಣಸಗಿ ಕಡೆ ಹೆಣ್ಣುಮಕ್ಕಳ ಬೆನ್ನು ನೆಟ್ಟಗಾಗುವುದಿಲ್ಲ. ಭತ್ತದ ನಾಟಿಗೆ ಬಗ್ಗಿದವರು ಇಳಿದ ಗದ್ದೆಯ ಮಡಿ ಮುಗಿಯುವ ತನಕ ಸಾಲು ಬಿಡಬಾರದು. ಒಬ್ಬಳು ಎದ್ದರೆ ಹತ್ತು ಬಾಯಿ ಏಳುತ್ತವೆ. ಈ ಕಟ್ಟಳೆ ಕಾಯುವವನು ತಂಡದ ಮೇಸ್ತ್ರಿ ತಾಯಪ್ಪ. ಸ್ವಂತ ಹೆಂಡತಿ ಬಾಲಮ್ಮನಿಗೂ ಮಾಫಿ ಇಲ್ಲ. ಅವನಿಗೆ ಮಂದಿಯ ನಾಲಗೆಯದೇ ಭಯ.

ಬಾಲಮ್ಮನಿಗೆ ಅರೆತಲೆ ನೋವು. ಅದು ಬರುವ ಮೊದಲು ಸುಳಿವು ಕೊಡುತ್ತಿತ್ತು.

"ಏನ್ರಿ, ಕಣ್ಣಾಗ ಮಿಂಚು ಹೊಡ್ಯಾಕತ್ತೈತಿ. ಒಡ್ಡಿನ ಮ್ಯಾಲ ಗುಳಗಿ ಐತಿ, ನುಂಗಿ ಬರ್ತೀನಿ."

"ಮಡಿ ಮುಗೀಲಿ. ಉಂಡು ನುಂಗೀಯಂತ."

ಪಕ್ಕದಲ್ಲಿದ್ದ ದೇವಕಮ್ಮ ನಕ್ಕಳು. "ಮೇಸ್ತ್ರಿ ಹೇಣ್ತಿ ಕಣ್ಣಾಗ ಮಿಂಚು, ನಮ್ಮ ನಡದಾಗ ಸಿಡ್ಲು. ಬಗ್ಗವ್ವ ತಾಯಿ."

ಮಡಿ ಮುಗಿಯುವಷ್ಟರಲ್ಲಿ ನೋವು ಅರ್ಧ ತಲೆಯನ್ನು ಹಿಡಿದಿತ್ತು. ಒಲ್ಲದ ರೊಟ್ಟಿ ತುರುಕಿಕೊಂಡು ಗುಳಿಗೆ ನುಂಗಿದಳು. ಸ್ವಲ್ಪ ಹೊತ್ತಿಗೇ ಎಲ್ಲ ವಾಂತಿಯಾಯಿತು. ಮುಂಜಾನೆ ತಿಂದ ರೊಟ್ಟಿಯೂ ಅರಗದೆ ಬಿದ್ದಿತ್ತು, ಅದರ ನಡುವೆ ಗುಳಿಗೆ ಇಡಿಯಾಗಿತ್ತು. ತಾಯಪ್ಪನಿಗೆ ಕಂಡದ್ದು ಗುಳಿಗೆ ಮಾತ್ರ.

"ಮೂರನೇ ಸಲ ಇದು. ಬಾಯಾಗ ಇಟಗೊಂಡು ಉಗುಳ್ತಿ. ಕೆಲಸ ತಪ್ಪಸಾಕ ಸೋಗು."

"ನುಂಗೀನ್ರಿ. ನಿಮ್ಮಾಣಿ."

ನಂಬಲಿಲ್ಲ. ಮರುದಿನವೇ ಕಕ್ಕೇರಾ ಕಡೆ ತಲೆನೋವಿಗೆ ಬರೆ ಹಾಕುವ ಮುದುಕನೊಬ್ಬನ ಬಳಿಗೆ ಎಳೆದೊಯ್ದ. ಕಾದ ಕಬ್ಬಿಣ ಕಣತಲೆಗೆ ತಾಗುವಾಗ ತಲೆ ಅಲುಗದಂತೆ ಹಿಡಿದವನು ತಾಯಪ್ಪನೇ. ಅವನ ಮುಂಗೈ ಹಿಡಿದಿದ್ದ ಬಾಲಮ್ಮ ಕೈ ಬಿಟ್ಟುಬಿಟ್ಟಳು.

ಬರೆ ಕೀವಾಯಿತು. ಸುರಪುರದ ದವಾಖಾನೆಯಲ್ಲಿ ನರ್ಸ್ ಮಮ್ತಾಜ ಗಾಯ ತೊಳೆಯುತ್ತ ಕೇಳಿದಳು, "ಯಾಕ ಸುಟ್ರಿ?"

"ಗುಳಗಿ ಕೊಟ್ರ ಉಗುಳ್ತಾಳ್ರಿ."

"ಉಗುಳಿಲ್ಲ ತಮ್ಮಾ. ಈ ಬ್ಯಾನಿ ಎದ್ರ ಹೊಟ್ಟಿ ಮಂದ ಆಗ್ತೈತಿ. ಒಳಗ ಹ್ವಾದದ್ದು ಮುಂದ ಸರಿಯಂಗಿಲ್ಲ, ಗುಳಗಿ ರಕ್ತಕ್ಕ ಹತ್ತಂಗಿಲ್ಲ. ಸುರುವಿಗೇ ನುಂಗಬೇಕು. ತಡಾ ಆದ್ರ ವಾಂತಿ ನಿಲ್ಲೋ ಔಷಧನೂ ಬೇಕು, ಇಲ್ಲಾ ಸೂಜಿ. ಡಾಕ್ಟ್ರು ಬರದು ಕೊಡ್ತಾರ. ಸುರು ಆದಾಗ ಅಕಿ ಹೇಳಿರಲಿಲ್ಲೇನು?"

ಬಾಲಮ್ಮ ಗೋಡೆ ನೋಡುತ್ತ ಅಂದಳು, "ಹೇಳಿದ್ನಿ ಅಕ್ಕಾ."

ಏಳನೇ ತರಗತಿಗೆ ಶಾಲೆ ಬಿಟ್ಟಾಗಿನಿಂದ ಅವನ ಸಿಟ್ಟಿಗೆ ಯಾರಾದರೂ ಸಿಗುತ್ತಿದ್ದರು. ಅವತ್ತು ತಾನೊಬ್ಬನೇ ಸಿಕ್ಕ.

ಮುಂದಿನ ನಾಟಿಗೆ ಕಟ್ಟಳೆ ಮುರಿದ. ಆರಾಮಿಲ್ಲದವರು ಏಳಬಹುದು ಎಂದು ಸಾರಿದ. ಮಂದಿ ಆಡಿಕೊಂಡರು, ಆಡಿಕೊಳ್ಳಲಿ ಎಂದ. ಗುಳಿಗೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ನೀರಿನ ಬಾಟಲಿ ಹಿಡಿದು ಒಡ್ಡಿನ ಮೇಲೆ ಹೆಂಡತಿಯ ಸಾಲಿಗೆ ಸರಿಯಾಗಿ ನಡೆಯುತ್ತಿದ್ದ.

ಒಂದು ಮಧ್ಯಾಹ್ನ ಅವಳು ಒಂದು ಕಣ್ಣು ಮುಚ್ಚಿಕೊಂಡು ಸಸಿ ಊರುವುದು ಕಂಡಿತು. ಕೆಸರಿಗೆ ಇಳಿದು ಹತ್ತಿರ ಹೋದ.

"ಮಿಂಚು ಬಂತೇನು? ಗುಳಗಿ ತಂದೀನಿ. ನುಂಗು."

ಬಾಲಮ್ಮ ತಲೆ ಎತ್ತಲಿಲ್ಲ. ಕೆಸರುಗೈಯಿಂದಲೇ ಸೆರಗು ಎಳೆದು ಕಣತಲೆಯ ಕಲೆ ಮುಚ್ಚಿಕೊಂಡಳು.

"ಮಡಿ ಮುಗೀಲ್ರಿ," ಅಂದಳು.