ಮುಕ್ಕಾಲು ಪಾಲು ಖಾಲಿ

ಶನಿವಾರ ಮಧ್ಯಾಹ್ನ ಸ್ಟೇಷನರಿ ಅಂಗಡಿಯ ಹಿಂದಿನ ಕೋಣೆಗೆ ಅಚ್ಚೊತ್ತಿ ಕಾರ್ಡ್ ಮಾಡುವುದನ್ನು ಕಲಿಯಲು ಬರುತ್ತಿದ್ದ ಹೆಂಗಸರು ತಮ್ಮ ಟೀಚರಿಗೆ 'ಖಾಲಿ ಟೀಚರ್' ಎಂದು ಅಡ್ಡಹೆಸರು ಇಟ್ಟಿದ್ದರು. ಸುಮ್ಮನೆ ಇಟ್ಟದ್ದಲ್ಲ. ಕ್ಲಾಸು ಶುರುವಾಗಿ ಮುಗಿಯುವಷ್ಟರಲ್ಲಿ 'ಖಾಲಿ ಬಿಡಿ, ಖಾಲಿ ಬಿಡಿ' ಅನ್ನುವ ಮಾತು ಆಕೆಯ ಬಾಯಿಂದ ಎಷ್ಟು ಸಲ ಬರುತ್ತಿತ್ತೆಂದರೆ, ಆ ಕೋಣೆಯ ಗೋಡೆಗೆ ಬಾಯಿ ಬಂದಿದ್ದರೆ ಅದೂ ಅದನ್ನೇ ಹೇಳುತ್ತಿತ್ತು.

"ಕಾರ್ಡಿನ ಮುಕ್ಕಾಲು ಪಾಲು ಖಾಲಿ ಇರ್ಬೇಕು. ಒಂದೇ ಅಚ್ಚು, ಒಂದೇ ಬಣ್ಣ. ಅಚ್ಚನ್ನ ತಗೊಂಡು ಇಂಕ್ ಪ್ಯಾಡಿಗೆ ಗುದ್ದಬೇಡಿ, ಅದೇನು ನಿಮ್ಮ ಸಾಲಗಾರನ ಬೆನ್ನಲ್ಲ. ಪ್ಯಾಡನ್ನೇ ಅಚ್ಚಿನ ಮೇಲೆ ಮೆಲ್ಲಗೆ ತಟ್ಟಿ. ಮೊದಲು ರದ್ದಿ ಕಾಗದದ ಮೇಲೆ ಒತ್ತಿ ನೋಡಿ. ಆಮೇಲೆ ಕಾರ್ಡಿನ ಮೇಲೆ ನೆಟ್ಟಗೆ ಇಡಿ, ಒತ್ತಿ, ಅಲ್ಲಾಡಿಸ್ಬೇಡಿ, ನೆಟ್ಟಗೆ ಎತ್ತಿ. ಇನ್ನೂ ಏನೋ ಬೇಕು ಅನ್ನಿಸ್ತಾ? ಅಲ್ಲಿಗೇ ಎದ್ದು ಕೈ ತೊಳ್ಕೊಂಡುಬಿಡಿ."

"ಟೀಚರ್, ಈ ಮೂಲೆ ಬಿಕೋ ಅಂತಿದೆ. ಒಂದು ಚಿಟ್ಟೆ ಹಾಕ್ಲಾ?" ಎಂದು ಕೇಳುವವಳು ಯಾವಾಗಲೂ ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಬಂದು ಸೇರಿಕೊಂಡವಳು.

"ನಿಮ್ಮ ಚಿಟ್ಟೆಗೆ ಕೂರೋಕೆ ಲೋಕದಲ್ಲಿ ಬೇರೆ ಜಾಗವೇ ಸಿಗ್ಲಿಲ್ವಾ?"

ಎಲ್ಲರೂ ಗೊಳ್ಳೆಂದು ನಗುತ್ತಿದ್ದರು. ಟೀಚರ್ ಮಾತ್ರ ನಗದೆ, ಬಿಳಿ ಕಾರ್ಡೊಂದನ್ನು ಎಳೆದುಕೊಂಡು, ಉಸಿರು ಹಿಡಿದು, ಒಂದು ಅಚ್ಚು ಒತ್ತಿ ತೋರಿಸುತ್ತಿದ್ದಳು. ಒಂದು ಚುಕ್ಕೆ ಹರಡಿಲ್ಲ, ಒಂದು ಗೆರೆ ಮಾಸಿಲ್ಲ. "ಅಬ್ಬಾ, ಪ್ರಿಂಟ್ ಹೊಡೆದ ಹಾಗಿದೆ!" ಎನ್ನುತ್ತಿದ್ದರು ಹೆಂಗಸರು. ಅದಕ್ಕಿಂತ ದೊಡ್ಡ ಬಿರುದು ಅವಳಿಗೆ ಬೇಕಿರಲಿಲ್ಲ. ವಾರದ ಮಿಕ್ಕ ದಿನಗಳಲ್ಲಿ ಅವಳು ಅದೇ ಅಂಗಡಿಯ ಮುಂಭಾಗದ ಕೌಂಟರಿನಲ್ಲಿ ಕೂತು ಪೆನ್ನು, ನೋಟ್‌ಬುಕ್ಕು, ಪ್ರೆಸ್ಸಿನಿಂದ ಬಂದ ಕಾರ್ಡುಗಳನ್ನು ಮಾರುತ್ತಿದ್ದಳು. ಪಕ್ಕದಲ್ಲಿ ತಿರುಗುವ ಸ್ಟ್ಯಾಂಡಿನಲ್ಲಿದ್ದ ಆ ಕಾರ್ಡುಗಳನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ.

ಅವಳಿಗೆ ಒಡಹುಟ್ಟಿದವಳು ಅಂತ ಇದ್ದದ್ದು ಒಬ್ಬಳೇ ತಂಗಿ. ತಾಯಿ ಬೇಗ ಹೋದದ್ದರಿಂದ ಜಡೆ ಹೆಣೆದು, ತುತ್ತಿಟ್ಟು, ಶಾಲೆಗೆ ಕೈಹಿಡಿದು ಕರೆದುಕೊಂಡು ಹೋಗಿ ಅವಳನ್ನು ಸಾಕಿದವಳು ಇವಳೇ. ಹಾಗಾಗಿ ನಾವೂ ಇನ್ನು ಮುಂದೆ ಇವಳನ್ನು ಅಕ್ಕ ಎಂದೇ ಕರೆಯೋಣ. ಯಾರಾದರೂ ಕರೆಯಬೇಕಲ್ಲ! ಕರೆಯಬೇಕಾದ ಆ ತಂಗಿ ಕರೆಯುವುದನ್ನು ಬಿಟ್ಟು ವರ್ಷದ ಮೇಲಾಗಿತ್ತು.

ಹೋದ ವರ್ಷ ತಂಗಿಯ ಮಗಳು ತೀರಿಹೋದಳು. ಇನ್ನೂ ಎರಡನೇ ಕ್ಲಾಸಿನ ಮಗು. ಜ್ವರ ಅಂತ ಸಂಜೆ ಮಲಗಿದ್ದು ಬೆಳಗ್ಗೆ ಏಳಲಿಲ್ಲ. ರಜೆ ಬಂತೆಂದರೆ ದೊಡ್ಡಮ್ಮನ ಮನೆಯೇ ಬೇಕು ಎಂದು ಹಟ ಹಿಡಿದು ಬಂದು, ಕೈಗೆ ಮೈಗೆಲ್ಲ ಇಂಕು ಬಳಿದುಕೊಂಡು, ಅಕ್ಕನ ಅಚ್ಚುಗಳನ್ನು ಕಂಡಕಂಡಲ್ಲಿ ಒತ್ತುತ್ತಿದ್ದ ಮಗು. ಫೋನು ಬಂದದ್ದೇ ಅಕ್ಕ ಚೀಲಕ್ಕೆ ಬಟ್ಟೆ ತುಂಬಿಕೊಂಡಳು, ಚಪ್ಪಲಿಯನ್ನೂ ಹಾಕಿಕೊಂಡಳು. ಆಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಹೋಗಿ ಏನು ಹೇಳುವುದು? ಅಳುವವರ ಮುಂದೆ ಅವಳ ನಾಲಿಗೆ ಮೊದಲಿನಿಂದಲೂ ಕಟ್ಟಿಹೋಗುತ್ತಿತ್ತು. ತಾಯಿ ಹೋದ ದಿನವೂ ಮನೆಯವರೆಲ್ಲ ಅಳುತ್ತಿದ್ದರೆ ಇವಳು ಒಳಗೆ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಾ ನಿಂತಿದ್ದಳು. ಮನೆ ತುಂಬ ಜನ ಇರುತ್ತಾರೆ, ಅವರ ನಡುವೆ ನಾನೊಬ್ಬಳು ಬೇರೆ ಯಾಕೆ, ಜನ ಕರಗಲಿ, ಆಮೇಲೆ ಹೋದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬದಲಿಗೆ ಒಂದು ಕಾರ್ಡ್ ಕಳಿಸಿದಳು. ಬಿಳಿ ಕಾರ್ಡಿನ ಕೆಳಗೆ, ಬಲಗಡೆಗೆ, ಬೂದುಬಣ್ಣದ ಒಂದೇ ಒಂದು ಗರಿ. ಒಳಗೆ ಒಂದಕ್ಷರವೂ ಇಲ್ಲ. ಇಂಥ ದುಃಖಕ್ಕೆ ಏನು ಬರೆದರೂ ಅದು ಹೆಚ್ಚೇ ಆಗುತ್ತದೆ ಎಂದು ಖಾಲಿ ಬಿಟ್ಟಿದ್ದಳು. ಆಮೇಲೆ ಹೋದರಾಯಿತು ಅಂದದ್ದು ಆಗಲೇ ಇಲ್ಲ. ಈ 'ಆಮೇಲೆ' ಅನ್ನುವುದು ಇದೆಯಲ್ಲ, ಅದರಂಥ ಸುಳ್ಳುಬುರುಕ ಇನ್ನೊಬ್ಬನಿಲ್ಲ. ಫೋನು ಮಾಡಿದರೆ ತಂಗಿ ಎತ್ತಲಿಲ್ಲ. ಮಾಡಿ ಮಾಡಿ ಅಕ್ಕನೂ ಬಿಟ್ಟಳು. ಯಾಕೆ ಈ ಮುನಿಸು ಎಂದು ಅವಳಿಗೆ ತಿಳಿದಿರಲಿಲ್ಲ, ಅಥವಾ ತಿಳಿಯದ ಹಾಗೆ ಇರುವುದನ್ನು ಕಲಿತುಕೊಂಡಿದ್ದಳು.

ಹೀಗಿರುವಾಗ ಒಂದು ಶನಿವಾರ, ಕ್ಲಾಸು ಮುಗಿದು ಹೆಂಗಸರೆಲ್ಲ ಹೋದ ಮೇಲೆ, ತಂಗಿಯ ಗಂಡ ಬಾಗಿಲಲ್ಲಿ ನಿಂತಿದ್ದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಏನೋ ಬಿಡಿಭಾಗ ಕೊಳ್ಳಲು ಊರಿಗೆ ಬಂದವನು, ನೋಡದೆ ಹೋಗುವುದು ಹೇಗೆ ಎಂದು ಬಂದಿದ್ದ. ಮನುಷ್ಯ ಒಳ್ಳೆಯವನು, ಮಾತು ಕಮ್ಮಿ. ಸ್ಟೂಲಿನ ಮೇಲೆ ಕೂತು, ದಾರಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟಿದ್ದ ಕಾರ್ಡುಗಳನ್ನು ನೋಡಿದ.

"ಇವೆಲ್ಲ ಮಾರೋಕೆ ತರಿಸಿದ್ದಾ ಅತ್ತಿಗೆ?"

"ತರಿಸೋದೇನು ಬಂತು? ಈಗಷ್ಟೇ ಒತ್ತಿದ್ದು. ಮುಟ್ಟಬೇಡಿ, ಹಸಿ ಇದೆ."

ಅಷ್ಟರಲ್ಲಿ ಅವನು ಮುಟ್ಟಿಯಾಗಿತ್ತು. ಬೆರಳಿಗೆ ನೀಲಿ ಹತ್ತಿತು. ಅವನು ಬೆರಳನ್ನು ನೋಡಿದ, ಕಾರ್ಡನ್ನು ನೋಡಿದ, ಅಕ್ಕನ ಮುಖ ನೋಡಿದ.

"ಹಾಗಾದ್ರೆ ಅವತ್ತು ಕಳಿಸಿದ್ರಲ್ಲ, ಒಂದು ಗರಿ ಇತ್ತಲ್ಲ, ಅದು?"

"ಅದೂ ನಾನೇ ಮಾಡಿದ್ದು. ಇನ್ಯಾರು ಮಾಡ್ತಾರೆ?"

"ಅಯ್ಯೋ ದೇವರೇ," ಎಂದು ಅವನು ಹಣೆ ಚಚ್ಚಿಕೊಂಡ. "ಅವಳು ಅದನ್ನ ಅಂಗಡೀದು ಅಂತ ತಿಳ್ಕೊಂಡು ಕೂತಿದ್ದಾಳೆ ಅತ್ತಿಗೆ! ನನ್ನ ಮಗು ಹೋದ್ರೆ ಕೌಂಟರ್ ಪಕ್ಕದ ಸ್ಟ್ಯಾಂಡಿಂದ ಒಂದು ಕಿತ್ತು ಕಳಿಸಿದ್ಲು, ಒಳಗೆ ಎರಡಕ್ಷರ ಗೀಚೋಕೂ ಅವಳಿಗೆ ಕೈ ಬರ್ಲಿಲ್ಲ ಅಂತ ಹೇಳಿ ಹೇಳಿ ಅಳ್ತಾಳೆ. ನಾನೂ ಹೌದೇನೋ ಅಂದ್ಕೊಂಡಿದ್ದೆ."

ಅಕ್ಕ ಮೇಜನ್ನು ಹಿಡಿದುಕೊಂಡು ಕೂತಳು. ಅವಳಿಗೆ ಬಂದದ್ದು ದುಃಖ ಎಂದುಕೊಂಡಿರಾ? ಇಲ್ಲ, ಸಂತೋಷ! ಇಷ್ಟೇನಾ ಅನ್ನಿಸಿತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಅನ್ನುತ್ತಾರಲ್ಲ, ಹಾಗೆ. ತಪ್ಪು ತಿಳಿವಳಿಕೆ ತಾನೆ? ತಿಳಿಸಿದರೆ ಮುಗಿಯಿತು. ನಾನೇ ಮಾಡಿದ್ದು ಕಣೇ ಎಂದು ಅವಳ ಕಣ್ಣೆದುರಿಗೇ ಒತ್ತಿ ತೋರಿಸಿದರೆ ಆಯಿತು. ಬಾಯಲ್ಲಿ ಹೇಳಲು ಬರದಿದ್ದರೇನು, ಕೈ ಇದೆಯಲ್ಲ. ಆ ರಾತ್ರಿ ಅವಳಿಗೆ ವರ್ಷದಿಂದ ಬಾರದ ನಿದ್ದೆ ಬಂತು.

ಮರುದಿನ ಮೊದಲ ಬಸ್ಸಿಗೇ ಹೊರಟಳು. ಒಂದು ತಗಡಿನ ಡಬ್ಬಿಯಲ್ಲಿ ಗರಿಯ ಅಚ್ಚು, ಬೂದು ಇಂಕಿನ ಪ್ಯಾಡು, ಬಿಳಿ ಕಾರ್ಡುಗಳು, ಕಾರ್ಡಿನ ಕೆಳಗೆ ಹಾಸಲು ಸ್ಪಂಜಿನ ಹಾಳೆ, ಒರೆಸಲು ಒದ್ದೆ ಬಟ್ಟೆ. ಬಸ್ಸಿನ ಕುಲುಕಾಟಕ್ಕೆ ಡಬ್ಬಿ ಅಲ್ಲಾಡದ ಹಾಗೆ ದಾರಿಯುದ್ದಕ್ಕೂ ಅದನ್ನು ಎದೆಗವಚಿಕೊಂಡಿದ್ದಳು. ನಗಬೇಡಿ, ಮದುವೆಯ ಒಡವೆಯನ್ನು ಕೂಡ ಜನ ಹಾಗೆ ಹಿಡಿದುಕೊಳ್ಳುವುದಿಲ್ಲ. ತಂಗಿ ಅಳುತ್ತಾಳೆ, ನಾನೂ ಅಳುತ್ತೇನೆ, ಇಬ್ಬರೂ ಊಟ ಮಾಡುತ್ತೇವೆ ಎಂದು ಲೆಕ್ಕ ಹಾಕುತ್ತಾ ಕೂತವಳಿಗೆ ಊರು ಬಂದದ್ದೇ ತಿಳಿಯಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ತಂಗಿಯ ಮನೆಯ ಮೆಟ್ಟಿಲು ಹತ್ತುತ್ತಿದ್ದಳು.

ಬಾಗಿಲು ತೆಗೆದ ತಂಗಿ "ಬಾ" ಎಂದಳು. ಬಾ ಅಕ್ಕ ಎನ್ನಲಿಲ್ಲ. ನೀರು ತಂದುಕೊಟ್ಟಳು. ಬಹಳ ಇಳಿದುಹೋಗಿದ್ದಳು. ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ಗಂಡ ಡಿಪೋಗೆ ಹೋಗಿದ್ದ. ಊಟದ ಮೇಜಿನ ಎದುರಿನ ಬೀರುವಿನ ಬಾಗಿಲಿಗೆ ಒಂದು ಕಾರ್ಡ್ ಅಂಟಿಸಿತ್ತು. ಮಗು ರಜೆಯಲ್ಲಿ ಅಕ್ಕನ ಮನೆಯಲ್ಲಿ ಮಾಡಿಕೊಂಡು ಬಂದಿದ್ದ ಕಾರ್ಡ್. ಮೇಲೆ, ಕೆಳಗೆ, ಅಡ್ಡಡ್ಡ, ತಲೆಕೆಳಗು, ಒಂದರ ಮೇಲೊಂದು ಬಾತುಕೋಳಿಗಳು. ನಡುನಡುವೆ ಇಂಕಿನ ಪುಟ್ಟ ಬೆರಳಚ್ಚುಗಳು. ಒಂದು ಕಾಳು ಇಡುವಷ್ಟು ಜಾಗ ಖಾಲಿಯಿಲ್ಲ. ಅವತ್ತು ಅಕ್ಕ ಅದನ್ನು ನೋಡಿ, "ಇದೇನೇ ಇದು, ಸಂತೆ!" ಎಂದು ಬೈದಿದ್ದಳು. ಮಗು ಕಿಲಕಿಲ ನಕ್ಕಿತ್ತು.

"ನಿನ್ನ ಗಂಡ ಬಂದಿದ್ರು," ಎಂದಳು ಅಕ್ಕ.

"ಹೇಳಿದ್ರು."

"ಆ ಕಾರ್ಡ್ ಅಂಗಡೀದಲ್ಲ ಕಣೇ. ನಾನೇ ಮಾಡಿದ್ದು."

"ಅದನ್ನೂ ಹೇಳಿದ್ರು. ನಿನ್ನ ಅಚ್ಚಿನ ಕಾರ್ಡು ಹೇಗಿರುತ್ತೆ ಅಂತ ನಂಗೊತ್ತಿಲ್ವಾ? ಅಲ್ಲಿದೆಯಲ್ಲ." ಬೀರುವಿನ ಕಡೆ ಕೈ ತೋರಿಸಿದಳು. "ಕೈಯಲ್ಲಿ ಮಾಡಿದ್ದು ಹಾಗಿರುತ್ತೆ. ನೀನು ಕಳಿಸಿದ್ದರಲ್ಲಿ ಕೈಯೇ ಇರ್ಲಿಲ್ಲ."

"ತಗೊಂಡು ಬಾ ಅದನ್ನ. ಇದೆ ತಾನೆ?"

ತಂಗಿ ಒಳಗೆ ಹೋಗಿ, ಹಳೆ ಕರೆಂಟ್ ಬಿಲ್ಲುಗಳ ಜೊತೆ ಡ್ರಾಯರಿನಲ್ಲಿ ಬಿದ್ದಿದ್ದ ಅದನ್ನು ತಂದು ಮೇಜಿನ ಮೇಲೆ ಹಾಕಿದಳು. ಅಕ್ಕ ಡಬ್ಬಿ ತೆರೆದಳು. ಮೇಜನ್ನು ಒರೆಸಿದಳು, ಸ್ಪಂಜಿನ ಹಾಳೆ ಹಾಸಿದಳು, ಅದರ ಮೇಲೆ ಕಾರ್ಡ್ ಇಟ್ಟಳು. ಪ್ಯಾಡನ್ನು ಅಚ್ಚಿನ ಮೇಲೆ ತಟ್ಟಿದಳು. ರದ್ದಿಯ ಮೇಲೆ ಒಂದು ಸಲ ನೋಡಿಕೊಂಡಳು. ಅಚ್ಚು ಹಿಡಿದದ್ದೇ ಕೈಗೆ ತನ್ನ ಕೆಲಸ ನೆನಪಾಯಿತು. ಇಟ್ಟಳು, ಒತ್ತಿದಳು, ಉಸಿರು ಬಿಟ್ಟಳು, ನೆಟ್ಟಗೆ ಎತ್ತಿದಳು.

ಬೂದುಬಣ್ಣದ ಗರಿ. ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಮೂಡಿತ್ತು. ದಂಟಿನ ಬುಡದಲ್ಲಿ, ಅಚ್ಚು ಕೊರೆಯುವಾಗ ಅವಳ ಚಾಕು ಒಂದಿಷ್ಟು ಜಾರಿದ್ದ ಸಣ್ಣ ಕಚ್ಚು ಕೂಡ ಅಲ್ಲೇ ಇತ್ತು.

ತಂಗಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಹಳೆಯದರಲ್ಲೂ ಆ ಕಚ್ಚು. ಕಿಟಕಿಯ ಬೆಳಕಿಗೆ ಹಿಡಿದಳು, ಬೆರಳಿನಿಂದ ಸವರಿದಳು. ಮತ್ತೆ ಆ ಕಚ್ಚನ್ನೇ ನೋಡಿ ಹೇಳಿದಳು, "ನೀನೇ ಮಾಡಿದ್ದು ಅಕ್ಕ."

ಅಕ್ಕ! ಆ ಒಂದು ಮಾತು ಕೇಳಿ ವರ್ಷದ ಮೇಲಾಗಿತ್ತು. ಗೆದ್ದೆ ಅಂದುಕೊಂಡಳು. ಕಣ್ಣು ಒರೆಸಿಕೊಂಡಳು, ನಕ್ಕಳು ಕೂಡ.

"ಅವತ್ತೂ ಹೀಗೇ ಒಂದೇ ಸಲಕ್ಕೆ ಬಂತಾ?" ಎಂದು ತಂಗಿ ಕೇಳಿದಳು.

"ಎಲ್ಲಿ!" ಅಕ್ಕನ ನಾಲಿಗೆ ವರ್ಷದ ಮೇಲೆ ಸಡಿಲವಾಯಿತು. "ಅಚ್ಚು ಕೊರೆದಿದ್ದೂ ಅವತ್ತೇ. ಫೋನ್ ಬಂದ ಮೇಲೆ ಬೆಳಗ್ಗೆ ಕೂತವಳು, ಕತ್ತಲಾಗಿ ಲೈಟ್ ಹಾಕೋವರೆಗೂ ಎದ್ದಿಲ್ಲ. ಒಂದರಲ್ಲಿ ಇಂಕ್ ಹರಡ್ತು, ಒಂದು ಸೊಟ್ಟ, ಇನ್ನೊಂದಕ್ಕೆ ಬೆರಳು ತಾಗಿಬಿಡ್ತು. ಹರಿದೆ, ಮತ್ತೆ ಮಾಡ್ದೆ. ಊಟಾನೂ ಇಲ್ಲ, ನೀರೂ ಇಲ್ಲ. ನಮ್ಮ ಮಗೂಗೆ ಅಂದ್ಮೇಲೆ ಒಂದು ಕಲೆ ಇರ್ಬಾರ್ದು ಅಂತ."

ತಂಗಿ ಕಾರ್ಡನ್ನು ಮೇಜಿನ ಮೇಲೆ ಇಟ್ಟಳು.

"ಬೆಳಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನಕ್ಕೆ ಇಲ್ಲಿರ್ತಿದ್ದೆ. ಇವತ್ತು ಬಂದ ಹಾಗೆ."

ಅಕ್ಕನ ನಗು ಮುಖದ ಮೇಲೆಯೇ ಉಳಿದುಬಿಟ್ಟಿತ್ತು. ಅದನ್ನು ತೆಗೆಯುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

"ಸಂಜೆವರೆಗೂ ಮಗೂನ ಎತ್ತೋಕೆ ಬಿಡ್ಲಿಲ್ಲ ನಾನು," ಎಂದಳು ತಂಗಿ. ಅವಳು ಅಳುತ್ತಿರಲಿಲ್ಲ, ಅದೇ ಭಯವಾಗುತ್ತಿತ್ತು. "ಎಲ್ಲರೂ ಹೊತ್ತಾಯ್ತು ಹೊತ್ತಾಯ್ತು ಅಂದ್ರು. ಅವಳ ದೊಡ್ಡಮ್ಮ ಬರ್ತಾಳೆ, ನಮ್ಮಕ್ಕ ಬಂದೇ ಬರ್ತಾಳೆ ಅಂತ ಬಾಗಿಲು ನೋಡ್ತಾ ಕೂತಿದ್ದೆ."

"ಬಂದು ಏನು ಹೇಳ್ಬೇಕೂಂತ ನಂಗೆ ಗೊತ್ತಾಗ್ಲಿಲ್ಲ ಕಣೇ."

"ಹೇಳೋದೇನಿತ್ತು? ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು."

ಒದ್ದೆ ಬಟ್ಟೆ ಅಕ್ಕನ ಕೈಯಲ್ಲಿತ್ತು. ಇಂಕು ಒಣಗುವ ಮೊದಲು ಅಚ್ಚನ್ನು ಒರೆಸಬೇಕು, ಅದು ಅವಳದೇ ಪಾಠ, ಕೈ ಒರೆಸುತ್ತಲೇ ಇತ್ತು. ತಾಯಿ ಹೋದ ದಿನ ಪಾತ್ರೆ ತಿಕ್ಕಿದ ಹಾಗೆಯೇ. ತಂಗಿ ಅದನ್ನು ನೋಡುತ್ತಾ ನಿಂತಿದ್ದಳು.

"ಅಂಗಡೀದು ಅಂತ ತಿಳ್ಕೊಂಡಿದ್ದಾಗಲೇ ವಾಸಿ ಇತ್ತು," ಎಂದಳು ಕೊನೆಗೆ. "ಪಾಪ, ಏನೋ ಬರೋಕಾಗ್ಲಿಲ್ಲ, ಪುರುಸೊತ್ತಿರ್ಲಿಲ್ಲ, ಕೈಗೆ ಸಿಕ್ಕಿದ್ದು ಕಳಿಸಿದ್ಲು ಅಂತ ಒಂದೊಂದು ದಿನ ಅಂದ್ಕೊಳ್ತಿದ್ದೆ. ಈಗ ಅದೂ ಇಲ್ಲ."

ಅವಳು ಎರಡೂ ಕಾರ್ಡುಗಳನ್ನು ಜೋಡಿಸಿ ಅಕ್ಕನ ಡಬ್ಬಿಯೊಳಗೆ ಇಟ್ಟಳು. ಮುಚ್ಚಳ ಒತ್ತಿ ಮುಚ್ಚಿದಳು. "ಊಟ ಮಾಡ್ಕೊಂಡು ಹೊರಡು. ಸಂಜೆ ಆದ್ರೆ ಬಸ್ ಸಿಗಲ್ಲ," ಎಂದು ಹೇಳಿ, ಮುಂದೆ ಒಂದು ತಟ್ಟೆ ಇಟ್ಟು, ಅನ್ನ ಬಡಿಸಿ ಒಳಗೆ ಹೋದಳು. ಮೇಜಿಗೆ ಒಂದೇ ತಟ್ಟೆ ತಂದಿದ್ದಳು. ಅಕ್ಕ ಬೀರುವಿನ ಮೇಲಿನ ಬಾತುಕೋಳಿಗಳಿಗೆ ಎದುರಾಗಿ ಕೂತು, ಅನ್ನ ಆರುವವರೆಗೂ ಏನಾದರೂ ಒಂದು ಮಾತು ಹುಡುಕಿದಳು. ಆಮೇಲೆ ಡಬ್ಬಿ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.